ಎರಡನೇ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ

ಗೇಮಿಂಗ್ ಕಂಪ್ಯೂಟರ್ ಕಟ್ಟಿಸಿ ಮೂರ್ನಾಲ್ಕು ವರ್ಷವಾಯಿತೆಂದರೆ ಹೊಸ ಆಟಗಳು ತಡವರಿಸತೊಡಗುತ್ತವೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ನೋಡಿದರೆ ಮದರ್‌ಬೋರ್ಡಿನಲ್ಲಿ ಇನ್ನೊಂದು ಉದ್ದನೆಯ ಸ್ಲಾಟ್ ಖಾಲಿ ಬಿದ್ದಿರುತ್ತದೆ. ಈಗಿರುವಂಥದ್ದೇ ಇನ್ನೊಂದು ಕಾರ್ಡನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು ಅಲ್ಲಿ ಕೂರಿಸಿದರೆ ವೇಗ ಇಮ್ಮಡಿಯಾಗಬೇಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ಈ ಲೆಕ್ಕಾಚಾರ ತಪ್ಪಿದರೆ ಪೆಟ್ಟು ಜೋರಾಗಿಯೇ ಬೀಳುತ್ತದೆ. ಕಾರ್ಡು ಸೊಲ್ಲಾಪುರದಿಂದಲೋ ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಬರಬೇಕು, ಸರಿಹೋಗದಿದ್ದರೆ ಹಿಂದಿರುಗಿಸುವುದು ಸುಲಭವಲ್ಲ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆಟ ಆಡಲಿಕ್ಕಷ್ಟೇ ಆದರೆ ಎರಡನೇ ಕಾರ್ಡ್ ಬೇಡ. ಇರುವುದನ್ನು ಮಾರಿ, ಎರಡನೆಯದಕ್ಕೆ ಇಟ್ಟಿದ್ದ ಹಣ ಸೇರಿಸಿ, ಒಂದೇ ಒಳ್ಳೆಯ ಕಾರ್ಡ್ ತನ್ನಿ. ಅದೇ ಕಂಪ್ಯೂಟರಿನಲ್ಲಿ ವಿಡಿಯೊ ಎಡಿಟಿಂಗ್, ಬ್ಲೆಂಡರ್‌ನಲ್ಲಿ 3ಡಿ ಕೆಲಸ ಅಥವಾ ಎಐ ಮಾದರಿಗಳ ಪ್ರಯೋಗವೂ ನಡೆಯುತ್ತಿದ್ದರೆ ಮಾತು ಬೇರೆ. ಅಂಥವರಿಗೆ ಎರಡನೇ ಕಾರ್ಡಿನಿಂದ ನಿಜವಾದ ಲಾಭವಿದೆ. ಆದರೆ ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ಕರೆಂಟು ಮೂರನ್ನೂ ಲೆಕ್ಕಕ್ಕೆ ಹಿಡಿದೇ ಅದನ್ನು ಕೂರಿಸಬೇಕು.

ಎರಡು ಕಾರ್ಡ್ ಜೋಡಿಸಿ ಆಟ ಆಡುವ ಕಾಲ ಒಂದಿತ್ತು. 1998ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ-2 ಕಾರ್ಡುಗಳು ತೆರೆಯ ಗೆರೆಗಳನ್ನು ಸರದಿಯಂತೆ ಹಂಚಿಕೊಂಡು ಚಿತ್ರ ಬಿಡಿಸುತ್ತಿದ್ದವು. ಆ ಕಂಪನಿಯ ಆಸ್ತಿಯನ್ನು ಕೊಂಡ ಎನ್‌ವಿಡಿಯಾ 2004ರಲ್ಲಿ ಆ ತಂತ್ರದ ಎಸ್‌ಎಲ್‌ಐ ಎಂಬ ಹೆಸರನ್ನೇ ಮತ್ತೆ ತಂದಿತು. ಮರುವರ್ಷ ಎಟಿಐ ಕಂಪನಿಯ ಕ್ರಾಸ್‌ಫೈರ್ ಬಂತು. ಎಟಿಐ ಮುಂದೆ ಎಎಂಡಿಯ ಪಾಲಾಯಿತು. ಆಗಿನ ಉಪಾಯ ಸರಳ. ಒಂದು ಫ್ರೇಮನ್ನು ಮೊದಲ ಕಾರ್ಡ್, ಮುಂದಿನದನ್ನು ಎರಡನೇ ಕಾರ್ಡ್ ಬಿಡಿಸುವುದು. ಎಣಿಕೆಯಲ್ಲಿ ಫ್ರೇಮುಗಳು ಹೆಚ್ಚಿದರೂ ಅವುಗಳ ನಡುವಿನ ಅಂತರ ಏರುಪೇರಾಗಿ ಚಿತ್ರ ಸಣ್ಣಗೆ ಕುಲುಕುತ್ತಿತ್ತು. ಜೊತೆಗೆ ಪ್ರತಿ ಆಟಕ್ಕೂ ಡ್ರೈವರಿನಲ್ಲಿ ಪ್ರತ್ಯೇಕ ಹೊಂದಾಣಿಕೆ ಬೇಕಿತ್ತು. ಇತ್ತೀಚಿನ ಆಟಗಳು ಹಿಂದಿನ ಫ್ರೇಮಿನ ಮಾಹಿತಿಯನ್ನು ಬಳಸಿಕೊಂಡೇ ಮುಂದಿನದನ್ನು ಕಟ್ಟುತ್ತವೆ. ಹಿಂದಿನ ಫ್ರೇಮು ಇನ್ನೊಂದು ಕಾರ್ಡಿನ ಮೆಮೊರಿಯಲ್ಲಿದ್ದರೆ ಅದನ್ನು ತರಿಸಿಕೊಳ್ಳುವುದರಲ್ಲೇ ಗಳಿಸಿದ ಸಮಯ ಕಳೆದುಹೋಗುತ್ತದೆ. ಎರಡು ಕಾರ್ಡಿನ ಆಟ ಸತ್ತದ್ದು ಮುಖ್ಯವಾಗಿ ಈ ಕಾರಣಕ್ಕೆ.

ಎಎಂಡಿ 2017ರಲ್ಲಿ ಕ್ರಾಸ್‌ಫೈರ್ ಹೆಸರನ್ನೇ ಕೈಬಿಟ್ಟಿತು. ಎನ್‌ವಿಡಿಯಾ 2021ರ ಜನವರಿ 1ರಿಂದ ಹೊಸ ಆಟಗಳಿಗೆ ಎಸ್‌ಎಲ್‌ಐ ಹೊಂದಾಣಿಕೆ ಬರೆಯುವುದನ್ನು ನಿಲ್ಲಿಸಿತು. ಆರ್‌ಟಿಎಕ್ಸ್ 30 ಸರಣಿಯ ಗೇಮಿಂಗ್ ಕಾರ್ಡುಗಳಲ್ಲಿ 3090 ಮತ್ತು 3090 ಟಿಐಗೆ ಮಾತ್ರ ಜೋಡಿಸುವ ಕೊಂಡಿ ಇತ್ತು, 40ರ ಸರಣಿಯಲ್ಲಿ ಅದೂ ಹೋಯಿತು. ಸಾಮಾನ್ಯರ ಕೈಯಲ್ಲಿರುವ ಜಿಟಿಎಕ್ಸ್ 1060, 1650, ಆರ್‌ಟಿಎಕ್ಸ್ 3050, 3060, 4060 ಯಾವುದರಲ್ಲೂ ಈ ಸೌಲಭ್ಯ ಮೊದಲಿನಿಂದಲೇ ಇಲ್ಲ. ಡೈರೆಕ್ಟ್‌ಎಕ್ಸ್ 12ರಲ್ಲಿ ಎರಡು ಕಾರ್ಡುಗಳನ್ನು ದುಡಿಸಿಕೊಳ್ಳುವ ದಾರಿಯೇನೋ ಇದೆ, ಆದರೆ ಅದನ್ನು ಆಟ ಬರೆದವರೇ ಅಳವಡಿಸಬೇಕು, ಅಳವಡಿಸಿದವರು ಬೆರಳೆಣಿಕೆಯಷ್ಟು. ವ್ಯಾಲೊರೆಂಟ್, ಕೌಂಟರ್ ಸ್ಟ್ರೈಕ್ 2 ಆಡುವವರಿಗೆ ಎರಡನೇ ಕಾರ್ಡ್ ಒಂದು ಫ್ರೇಮನ್ನೂ ಹೆಚ್ಚಿಸದು. 8 ಜಿಬಿಯ ಎರಡು ಕಾರ್ಡ್ ಹಾಕಿದರೆ ಆಟಕ್ಕೆ 16 ಜಿಬಿ ಸಿಗುತ್ತದೆ ಎಂದು ಅಂಗಡಿಯವರು ಹೇಳಿದರೆ ಅದನ್ನೂ ನಂಬಬೇಡಿ. ಸಿಗುವುದು 8 ಜಿಬಿಯೇ.

ಹಣ ಬಿಚ್ಚುವ ಮುನ್ನ ಈಗಿರುವ ಕಾರ್ಡಿನಿಂದ ಪೂರ್ತಿ ಕೆಲಸ ತೆಗೆಯುತ್ತಿದ್ದೀರಾ ನೋಡಿ. ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದೆಯೋ, ತಪ್ಪಿ ಮದರ್‌ಬೋರ್ಡಿಗೆ ಸಿಕ್ಕಿಸಿದೆಯೋ? 144 ಹರ್ಟ್ಜ್ ಮಾನಿಟರ್ ಕೊಂಡು ವಿಂಡೋಸ್‌ನಲ್ಲಿ 60ಕ್ಕೇ ಬಿಟ್ಟಿದ್ದೀರಾ? ರ‍್ಯಾಮ್ ಒಂದೇ ಕಡ್ಡಿಯಾಗಿದ್ದರೆ ಅದೇ ಸಾಮರ್ಥ್ಯದ ಇನ್ನೊಂದನ್ನು ಜೋಡಿಸಿದರೆ ಅನೇಕ ಆಟಗಳು ಚೇತರಿಸಿಕೊಳ್ಳುತ್ತವೆ. ಫ್ಯಾನಿನ ರೆಕ್ಕೆಗಳಲ್ಲಿ ಧೂಳು ಮೆತ್ತಿಕೊಂಡು ಕಾರ್ಡು ಕಾದರೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಇವೆಲ್ಲವೂ ಹೊಸ ಕಾರ್ಡಿಗಿಂತ ಎಷ್ಟೋ ಅಗ್ಗದಲ್ಲಿ ಸರಿಹೋಗುವ ಸಂಗತಿಗಳು.

ಹಾಗಾದರೆ ಎರಡನೇ ಕಾರ್ಡ್ ಯಾರಿಗೆ?

ಮದುವೆ ವಿಡಿಯೊ ಕೆಲಸ ಮಾಡುವ ಸ್ಟುಡಿಯೊಗಳಲ್ಲಿ ಡಾವಿಂಚಿ ರಿಸಾಲ್ವ್ ಬಳಸುವವರಿದ್ದಾರೆ. ಇಲ್ಲೊಂದು ಸೂಕ್ಷ್ಮವಿದೆ. ವಿಂಡೋಸ್‌ನಲ್ಲಿ ಅದರ ಉಚಿತ ಆವೃತ್ತಿ ಒಂದೇ ಕಾರ್ಡನ್ನು ಬಳಸುತ್ತದೆ. ಎರಡನ್ನೂ ದುಡಿಸಲು ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯೇ ಬೇಕು. ಬ್ಲೆಂಡರಿನ ಸೈಕಲ್ಸ್ ರೆಂಡರಿಂಗ್‌ಗೆ ಎರಡು ಸಮಾನ ಕಾರ್ಡುಗಳಿದ್ದರೆ ಕೆಲಸ ಹೆಚ್ಚುಕಡಿಮೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಆದರೆ ದೃಶ್ಯ ಪೂರ್ತಿಯಾಗಿ ಪ್ರತಿಯೊಂದು ಕಾರ್ಡಿನ ಮೆಮೊರಿಯಲ್ಲೂ ಹಿಡಿಸಬೇಕು.

ಎಐ ಮಾದರಿಗಳ ವಿಷಯದಲ್ಲಿ ಮಾತ್ರ ಮೆಮೊರಿ ನಿಜವಾಗಿ ಕೂಡುತ್ತದೆ. ಲಾಮಾ.ಸಿಪಿಪಿ, ಒಲಾಮಾದಂಥ ಉಚಿತ ತಂತ್ರಾಂಶಗಳು ಮಾದರಿಯ ಪದರಗಳನ್ನು ಎರಡು ಕಾರ್ಡುಗಳಿಗೆ ಹಂಚುತ್ತವೆ. ಬೆಂಗಳೂರಿನ ಸರ್ವಂ ಎಐ ಸಂಸ್ಥೆ 2025ರ ಮೇ ತಿಂಗಳಲ್ಲಿ ಸರ್ವಂ-ಎಂ ಎಂಬ ಮಾದರಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಡುಗಡೆ ಮಾಡಿತು. 2,400 ಕೋಟಿ ನಿಯತಾಂಕಗಳ ಈ ಮಾದರಿಗೆ ಕನ್ನಡವೂ ಬರುತ್ತದೆ. ನಾಲ್ಕು ಬಿಟ್‌ಗೆ ಕುಗ್ಗಿಸಿದರೂ ಅದಕ್ಕೆ ಸುಮಾರು 14 ಜಿಬಿ ಬೇಕು. 12 ಜಿಬಿಯ ಒಂದು ಆರ್‌ಟಿಎಕ್ಸ್ 3060ಯಲ್ಲಿ ಅದು ಹಿಡಿಸದು, ಅಂಥವೇ ಎರಡಿದ್ದರೆ ಆರಾಮಾಗಿ ಹಿಡಿಸುತ್ತದೆ. ಸಿಂದಗಿಯ ಕಾಲೇಜು ಹುಡುಗಿಯೊಬ್ಬಳು ಇಂಟರ್ನೆಟ್ ಇಲ್ಲದೆಯೂ ತನ್ನ ಕೋಣೆಯಲ್ಲಿ ಕನ್ನಡದ ಮಾದರಿಯೊಂದನ್ನು ಓಡಿಸಿ, ಒಳಗೇನಿದೆ ಎಂದು ಕೆದಕಿ ನೋಡಬಹುದು. ನನ್ನ ಮಟ್ಟಿಗೆ ಎರಡನೇ ಕಾರ್ಡಿಗೆ ಇಂದು ಇರುವ ಅತ್ಯಂತ ಒಳ್ಳೆಯ ಕಾರಣ ಇದೇ.

ಆಟಗಾರರಿಗೂ ಒಂದು ಕಿರುದಾರಿ ಉಳಿದಿದೆ. ಲಾಸ್‌ಲೆಸ್ ಸ್ಕೇಲಿಂಗ್ ಎಂಬ ಅಗ್ಗದ ತಂತ್ರಾಂಶ ಎರಡು ನಿಜ ಫ್ರೇಮುಗಳ ನಡುವೆ ಕೃತಕ ಫ್ರೇಮುಗಳನ್ನು ಸೇರಿಸುತ್ತದೆ. ಆಟವನ್ನು ಮುಖ್ಯ ಕಾರ್ಡಿಗೆ ಬಿಟ್ಟು ಈ ಸೇರಿಸುವ ಕೆಲಸವನ್ನು ಹಳೆಯ ಕಾರ್ಡಿಗೆ ಒಪ್ಪಿಸಬಹುದು. ಆಗ ಮಾನಿಟರನ್ನು ಎರಡನೇ ಕಾರ್ಡಿಗೆ ಸಿಕ್ಕಿಸಬೇಕು. ವಿಂಡೋಸ್ 11ರ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಆಟಕ್ಕೆ ಮುಖ್ಯ ಕಾರ್ಡನ್ನು ಆರಿಸಬೇಕು. ನಿಧಾನಗತಿಯ ಕಥಾ ಆಟಗಳಿಗೆ ಇದು ಚೆನ್ನ. ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಮೌಸ್ ತಡವಾಗಿ ಸ್ಪಂದಿಸಿದಂತೆ ಅನ್ನಿಸುತ್ತದೆ. ಮನೆಯಲ್ಲಿ ಹಳೆಯ ಕಾರ್ಡ್ ಸುಮ್ಮನೆ ಬಿದ್ದಿದ್ದರೆ ಪ್ರಯತ್ನಿಸಿ, ಇದಕ್ಕಾಗಿಯೇ ಹೊಸದಾಗಿ ಕೊಳ್ಳಬೇಡಿ.

ಸ್ಲಾಟ್ ಉದ್ದವಿದ್ದ ಮಾತ್ರಕ್ಕೆ ಸಾಲದು

ಮದರ್‌ಬೋರ್ಡಿನ ಎರಡನೇ ಸ್ಲಾಟ್ ನೋಡಲು ಮೊದಲನೆಯದರಷ್ಟೇ ಉದ್ದವಿರುತ್ತದೆ. ಒಳಗಿನ ತಂತಿಗಳು ಹಾಗಲ್ಲ. ಮೊದಲನೆಯದಕ್ಕೆ ಸಾಮಾನ್ಯವಾಗಿ ಮಾಹಿತಿ ಹರಿಯುವ 16 ಲೇನ್ ಇರುತ್ತವೆ. ಮಧ್ಯಮ ಬೆಲೆಯ ಬೋರ್ಡುಗಳ ಎರಡನೇ ಸ್ಲಾಟಿಗೆ 4 ಲೇನ್, ಕೆಲವೊಮ್ಮೆ ಒಂದೇ ಲೇನ್. ಈ ಸ್ಲಾಟುಗಳಿಗೆ ಪಿಸಿಐಇ ಎಂದು ಹೆಸರು; ಅದರ ಮೂರನೇ ತಲೆಮಾರಿನಲ್ಲಿ ಒಂದು ಲೇನಿನ ವೇಗ ಸೆಕೆಂಡಿಗೆ ಸುಮಾರು 1 ಜಿಬಿ, ನಾಲ್ಕನೇ ತಲೆಮಾರಿನಲ್ಲಿ ಅದರ ಇಮ್ಮಡಿ. ಎಐ ಮಾದರಿ ಒಮ್ಮೆ ಮೆಮೊರಿಗೆ ತುಂಬಿಕೊಂಡ ಮೇಲೆ 4 ಲೇನ್ ಸಾಕಾಗುತ್ತದೆ. ಒಂದೇ ಲೇನಿನ ಸ್ಲಾಟಿಗೆ ಮಾತ್ರ ಕಾರ್ಡ್ ಹಾಕುವ ಯೋಚನೆ ಬಿಡಿ. ಇನ್ನು ಕೆಲವು ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದ್ದರೆ ಎರಡನೇ ಸ್ಲಾಟ್ ತಾನಾಗಿ ಬಂದ್ ಆಗುತ್ತದೆ. ಬೋರ್ಡಿನ ಕೈಪಿಡಿಯನ್ನು ಕಂಪನಿಯ ಜಾಲತಾಣದಿಂದ ಇಳಿಸಿಕೊಂಡು ಆ ಒಂದು ಪುಟವನ್ನು ಓದದೆ ಕಾರ್ಡ್ ಕೊಳ್ಳಬೇಡಿ.

ಅಳತೆಪಟ್ಟಿ ಹಿಡಿದು ಜಾಗವನ್ನೂ ಅಳೆಯಿರಿ. ಇಂದಿನ ಅನೇಕ ಕಾರ್ಡುಗಳು ಎರಡೂವರೆ ಸ್ಲಾಟಿನಷ್ಟು ದಪ್ಪವಿರುತ್ತವೆ. ಎರಡು ಕಾರ್ಡುಗಳ ನಡುವೆ ಕನಿಷ್ಠ ಒಂದು ಸ್ಲಾಟಿನಷ್ಟು ತೆರವಿಲ್ಲದಿದ್ದರೆ ಮೇಲಿನದು ಕೆಳಗಿನದರ ಬಿಸಿಗಾಳಿಯನ್ನೇ ಉಸಿರಾಡುತ್ತದೆ.

ಎಸ್‌ಎಂಪಿಎಸ್, ಯುಪಿಎಸ್, ಅರ್ಥಿಂಗ್

ಎಲ್ಲಕ್ಕಿಂತ ಹೆಚ್ಚು ಹೊತ್ತು ಯೋಚಿಸಬೇಕಾದ ಭಾಗ ಇದು. ಲೆಕ್ಕ ಹೀಗೆ ಹಾಕಿ. ಆರ್‌ಟಿಎಕ್ಸ್ 3060 ಒಂದಕ್ಕೆ 170 ವಾಟ್, ಎರಡಕ್ಕೆ 340. ರೈಜೆನ್ 5 ವರ್ಗದ ಪ್ರೊಸೆಸರಿಗೆ 80ರ ಆಸುಪಾಸು. ಬೋರ್ಡು, ರ‍್ಯಾಮ್, ಡಿಸ್ಕು, ಫ್ಯಾನುಗಳಿಗೆ 60. ಒಟ್ಟು 480 ವಾಟ್. ಕಾರ್ಡುಗಳು ಕ್ಷಣಮಾತ್ರ ಇದಕ್ಕಿಂತ ಹೆಚ್ಚು ಎಳೆಯುವುದರಿಂದ ಹೆಸರಾಂತ ಕಂಪನಿಯ 750 ವಾಟ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಬೇಕು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದ, ಹೊಟ್ಟೆಯ ಮೇಲೆ 500 ವಾಟ್ ಎಂದು ಬರೆದುಕೊಂಡ ಎಸ್‌ಎಂಪಿಎಸ್ ನಂಬಿ ಈ ಕೆಲಸಕ್ಕೆ ಇಳಿಯಬೇಡಿ.

ಸ್ಲಾಟು ತಾನಾಗಿ ಕೊಡುವುದು ಹೆಚ್ಚೆಂದರೆ 75 ವಾಟ್. 6 ಪಿನ್ನಿನ ಕೇಬಲ್ ಇನ್ನೊಂದು 75, 8 ಪಿನ್ನಿನದು 150 ಕೊಡುತ್ತದೆ. ಜಿಟಿಎಕ್ಸ್ 1650ಯ ಹಲವು ಕಾರ್ಡುಗಳು 75 ವಾಟಿನಲ್ಲೇ ನಡೆಯುವುದರಿಂದ ಅವಕ್ಕೆ ಬೇರೆ ಕೇಬಲ್ಲೇ ಬೇಡ. ಸಹಾಯಕ ಕಾರ್ಡಾಗಿ ಅವು ಒಳ್ಳೆಯವು. ಪ್ರತಿ ಕಾರ್ಡಿಗೂ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ಕೇಬಲ್ ಎಳೆಯಿರಿ. ಡಿಸ್ಕಿನ ಸಾಟಾ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಹೊಂದಿಸುವ ಸಣ್ಣ ಅಡಾಪ್ಟರುಗಳು ಅಂಗಡಿಯಲ್ಲಿ ಸಿಗುತ್ತವೆ. ಸಾಟಾ ತಂತಿ ಹೊರಬಲ್ಲುದು 54 ವಾಟ್ ಮಾತ್ರ, ಅದಕ್ಕಿಂತ ಹೆಚ್ಚು ಎಳೆದರೆ ಕನೆಕ್ಟರ್ ಕರಗುತ್ತದೆ. ಬೇರೊಂದು ಎಸ್‌ಎಂಪಿಎಸ್‌ನ ಬಿಡಿ ಕೇಬಲ್ ಸರಿಯಾಗಿ ಕೂತಿತೆಂದು ಬಳಸಲೂಬೇಡಿ. ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ; ಒಂದೇ ಸಲ ಸ್ವಿಚ್ ಹಾಕಿದರೆ ಕಾರ್ಡ್, ಬೋರ್ಡ್ ಎರಡೂ ಸುಡಬಹುದು.

ಇನ್ನು ಮನೆಯ ಕರೆಂಟಿನ ಮಾತು. ಬಸವನ ಬಾಗೇವಾಡಿಯ ಹತ್ತಿರದ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಎನ್‌ಟಿಪಿಸಿ ಸ್ಥಾವರವಿದೆ, ಆಲಮಟ್ಟಿಯಲ್ಲಿ 290 ಮೆಗಾವಾಟ್‌ನ ಜಲವಿದ್ಯುತ್ ಕೇಂದ್ರವಿದೆ. ಆದರೂ ಆ ಕರೆಂಟು ನೇರವಾಗಿ ನಮ್ಮ ಓಣಿಗೆ ಬರುವುದಿಲ್ಲ. ಅದು ದೊಡ್ಡ ಮಾರ್ಗಗಳ ಜಾಲಕ್ಕೆ ಸೇರುತ್ತದೆ. ನಿಮ್ಮ ಮನೆಯ ವೋಲ್ಟೇಜ್ ನಿರ್ಧಾರವಾಗುವುದು ಓಣಿಯ ಟ್ರಾನ್ಸ್‌ಫಾರ್ಮರಿನ ಮೇಲೆ ಎಷ್ಟು ಹೊರೆಯಿದೆ ಎಂಬುದರಿಂದ. ಸಂಜೆ ಲೈಟು ಡಿಮ್ ಆಗುವ ಮನೆಯಲ್ಲಿ ಎಸ್‌ಎಂಪಿಎಸ್ ಅಷ್ಟೇ ವಾಟ್ ಪಡೆಯಲು ಹೆಚ್ಚು ಆಂಪಿಯರ್ ಎಳೆಯುತ್ತದೆ. ಎರಡು ಕಾರ್ಡಿನ ಕಂಪ್ಯೂಟರ್ ಮಾನಿಟರ್ ಸೇರಿ ಗೋಡೆಯಿಂದ 600 ವಾಟ್ ತೆಗೆದುಕೊಂಡರೆ 230 ವೋಲ್ಟಿನಲ್ಲಿ ಅದು 2.6 ಆಂಪಿಯರ್, 180ಕ್ಕೆ ಇಳಿದರೆ 3.3. ಗಟ್ಟಿಯಾದ 6 ಆಂಪಿಯರ್ ಸಾಕೆಟ್ಟಿಗೆ ಇದು ಭಾರವಲ್ಲ. ಆದರೆ ಸಡಿಲಾದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಕೂಲರ್, ಟಿವಿ, ಕಂಪ್ಯೂಟರ್ ಮೂರೂ ಒಟ್ಟಿಗಿದ್ದರೆ ಪ್ಲಗ್ಗು ಕಾಯುವುದು ಖಂಡಿತ. ಗಂಟೆಗಟ್ಟಲೆ ರೆಂಡರ್ ಹಚ್ಚಿದಾಗ ಪ್ಲಗ್ಗನ್ನು ಮುಟ್ಟಿ ನೋಡಿ. ಬಿಸಿ ಹತ್ತಿದರೆ ಕೆಲಸ ನಿಲ್ಲಿಸಿ, ಸಾಕೆಟ್ ಬದಲಿಸಿ.

ಬಹಳ ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಮಾತ್ರ ಹೊರುತ್ತದೆ. ಎರಡು ಕಾರ್ಡ್ ದುಡಿಯುತ್ತಿರುವಾಗ ಕರೆಂಟ್ ಹೋದರೆ ಅದು ಕೂಗಿ ಅಲ್ಲಿಯೇ ಕೈಚೆಲ್ಲುತ್ತದೆ. ಮೇಲಿನ ಲೆಕ್ಕದ ಕಂಪ್ಯೂಟರಿಗೆ 1,500 ವಿಎ ಆಸುಪಾಸಿನದು, ಸಾಧ್ಯವಾದರೆ ಪ್ಯೂರ್ ಸೈನ್ ವೇವ್‌ನದು ತೆಗೆದುಕೊಳ್ಳಿ. ಅದರ ಮೇಲೂ ವಾಟ್ ಎಷ್ಟೆಂದು ಓದಿಯೇ ದುಡ್ಡು ಕೊಡಿ. ಕರೆಂಟ್ ಹೋದಾಗ ಕಡತ ಉಳಿಸಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಕ್ಕರೆ ಸಾಕು.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ನಿಮ್ಮ ಸಾಕೆಟ್ಟಿನ ಮೂರನೇ ತೂತಿಗೆ ಅರ್ಥಿಂಗ್ ಇಲ್ಲ ಅಥವಾ ಸರಿಯಾಗಿಲ್ಲ. ನಮ್ಮ ಎರೆಮಣ್ಣು ಹಸಿಯಿದ್ದಾಗ ಅರ್ಥಿಂಗಿಗೆ ಒಳ್ಳೆಯದು, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಮಣ್ಣು ಕಂಬಿಯಿಂದ ದೂರ ಸರಿಯುತ್ತದೆ. ಅರ್ಥಿಂಗ್ ಗುಂಡಿಗೆ ಬೇಸಿಗೆ ಪೂರ್ತಿ ನೀರು ಹಾಕುತ್ತಿರಿ, ವೈರಮನ್ನನ್ನು ಕರೆಸಿ ಪರೀಕ್ಷೆ ಮಾಡಿಸಿ. ಇದು ಕಾರ್ಡಿನ ಮಾತಷ್ಟೇ ಅಲ್ಲ, ಮನೆಯವರ ಜೀವದ ಮಾತು.

ಬಿಲ್ಲಿನ ಲೆಕ್ಕವೂ ಇದೆ. 170 ವಾಟಿನ ಹೆಚ್ಚುವರಿ ಕಾರ್ಡ್ ದಿನಕ್ಕೆ 4 ತಾಸು ದುಡಿದರೆ ತಿಂಗಳಿಗೆ ಸುಮಾರು 20 ಯೂನಿಟ್. ರಾತ್ರಿ 8 ತಾಸು ರೆಂಡರಿಗೆ ಬಿಟ್ಟರೆ ಇಡೀ ಕಂಪ್ಯೂಟರ್ ಒಂದೇ ರಾತ್ರಿಗೆ 5 ಯೂನಿಟ್ಟಿನ ಹತ್ತಿರ ತಿನ್ನುತ್ತದೆ. 2023ರಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಶೂನ್ಯ ಬಿಲ್ ಪಡೆಯುತ್ತಿರುವ ಮನೆಗಳು ಇದನ್ನು ಗಮನಿಸಬೇಕು. ಉಚಿತ ಯೂನಿಟ್ ನಿಗದಿಯಾಗಿರುವುದು ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಹೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮಿತಿ ಎಷ್ಟೆಂದು ನೋಡಿ, ಮನೆಯ ಹಿರಿಯರ ಜೊತೆ ಮಾತಾಡಿಯೇ ಮುಂದುವರಿಯಿರಿ.

ಬಿಸಿಲು ಮತ್ತು ಧೂಳು

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾರ್ಡು ಎಳೆದ ಪ್ರತಿ ವಾಟ್ ಕೊನೆಗೆ ಕೋಣೆಯ ಶಾಖವೇ ಆಗುತ್ತದೆ. ಪತ್ರಾಸಿನ ಮನೆಯಲ್ಲಿ ಮಧ್ಯಾಹ್ನ ಎರಡು ಕಾರ್ಡ್ ಓಡಿಸುವುದು ಕಾರ್ಡಿಗೂ ಕಷ್ಟ, ಕೂತವರಿಗೂ ಕಷ್ಟ. ಭಾರದ ಕೆಲಸವನ್ನು ರಾತ್ರಿ ಅಥವಾ ನಸುಕಿಗೆ ಇಟ್ಟುಕೊಳ್ಳಿ. ಮೇಲ್ಮುದ್ದೆಯ ಹಳೆಯ ಕೋಣೆಯಿದ್ದರೆ ಅದೇ ತಂಪು, ಆದರೆ ಮೇಲಿನಿಂದ ಮಣ್ಣು ಉದುರದಂತೆ ನೋಡಿಕೊಳ್ಳಬೇಕು. ನೀರಿನ ಕೂಲರಿನ ಗಾಳಿಯನ್ನು ಕ್ಯಾಬಿನೆಟ್ಟಿಗೆ ನೇರವಾಗಿ ತಿರುಗಿಸಬೇಡಿ. ಬೋರ್‌ವೆಲ್ಲಿನ ಗಡಸು ನೀರಿನ ಹನಿಗಳು ಒಣಗಿ ಬಿಳಿ ಪುಡಿಯಾಗಿ ಬೋರ್ಡಿನ ಮೇಲೆ ಕೂರುತ್ತವೆ.

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಲ್ಲಿ ಪವರ್ ಲಿಮಿಟ್ ಎಂಬ ಜಾರುಪಟ್ಟಿ ಇದೆ. ಅದನ್ನು 80ಕ್ಕೆ ಇಳಿಸಿ. ವಿದ್ಯುತ್ತು ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ, ವೇಗ ಅಷ್ಟೊಂದು ಕುಗ್ಗುವುದಿಲ್ಲ. ಎಸ್‌ಎಂಪಿಎಸ್, ಬಿಲ್ಲು, ಕೋಣೆಯ ಶಾಖ ಮೂರಕ್ಕೂ ಒಂದು ಪೈಸೆಯೂ ಖರ್ಚಿಲ್ಲದ ಉಪಾಯವಿದು. ಬೇಸಿಗೆಯಲ್ಲಿ ಇದನ್ನು ಎಲ್ಲರೂ ಮಾಡಬೇಕು ಎನ್ನುತ್ತೇನೆ.

ಗಾಳಿ ಒಳಗೆಳೆಯುವ ಫ್ಯಾನುಗಳು ಹೊರಗೆ ತಳ್ಳುವವಕ್ಕಿಂತ ಒಂದು ಹೆಚ್ಚಿರಲಿ, ಅವುಗಳ ಮುಂದೆ ಜಾಲರಿ ಇರಲಿ. ಆಗ ಸಂದಿಗೊಂದಿಯಿಂದ ಧೂಳು ನುಗ್ಗುವುದಿಲ್ಲ. ತೊಗರಿ, ಜೋಳದ ರಾಶಿಯ ದಿನಗಳಲ್ಲಿ ಹೊಟ್ಟು ಹಾರುವಾಗ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯಿರಿ. ಬ್ಲೋವರ್ ಹೊಡೆಯುವಾಗ ಕಾರ್ಡಿನ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ಕೂರಿಸುವುದು

ವಿಂಡೋಸ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಉಳಿದ ವಿದ್ಯುತ್ ಇಳಿಯಲು ಪವರ್ ಗುಂಡಿಯನ್ನು ಕೆಲ ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಕಾರ್ಡನ್ನು ಅಂಚಿನಿಂದ ಹಿಡಿದು ಸ್ಲಾಟಿಗೆ ನೇರವಾಗಿ ಒತ್ತಿದರೆ ಕೊನೆಯ ಕೊಕ್ಕೆ ಟಕ್ಕೆನ್ನುತ್ತದೆ. ಆಮೇಲೆ ಸ್ಕ್ರೂ, ಆಮೇಲೆ ಕೇಬಲ್. ಶಕ್ತಿಯುತ ಕಾರ್ಡು ಮೇಲಿನ ಸ್ಲಾಟಿನಲ್ಲಿರಲಿ. ಆನ್ ಮಾಡಿದ ಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ಎರಡೂ ಹೆಸರು ಕಾಣಬೇಕು. ಕಾಣದಿದ್ದರೆ ಬಯೋಸ್‌ನಲ್ಲಿ ಅಬೌ 4ಜಿ ಡಿಕೋಡಿಂಗ್ ಆನ್ ಮಾಡಿ ನೋಡಿ. ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದರೆ ಯಾವ ಕಾರ್ಡಿಗೆ ಎಷ್ಟು ಲೇನ್ ಸಿಕ್ಕಿದೆ ಎಂದು ಗೊತ್ತಾಗುತ್ತದೆ. ಕೆಲಸವಿಲ್ಲದಾಗ ವೇಗ ಕಡಿಮೆ ತೋರಿಸುವುದು ಸಹಜ; ಕಾರ್ಡನ್ನು ದುಡಿಸುತ್ತಾ ನೋಡಬೇಕು.

ಡ್ರೈವರಿನ ವಿಷಯದಲ್ಲಿ ಒಂದು ಹೊಸ ತೊಡಕಿದೆ. ಎನ್‌ವಿಡಿಯಾದ ಎರಡು ಕಾರ್ಡುಗಳಿಗೆ ಒಂದೇ ಡ್ರೈವರ್ ಸಾಕು, ಆದರೆ ಅದು ಎರಡನ್ನೂ ಗುರುತಿಸಬೇಕು. ಜಿಟಿಎಕ್ಸ್ 900 ಮತ್ತು 1000 ಸರಣಿಗೆ ಆಟಗಳ ಡ್ರೈವರ್ ಬರುವುದು 2025ರ ಅಕ್ಟೋಬರಿಗೆ ನಿಂತಿತು. ಇನ್ನು ಮುಂದೆ ಅವಕ್ಕೆ ಭದ್ರತಾ ಪರಿಷ್ಕರಣೆ ಮಾತ್ರ. ಹಳೆಯ 1050 ಟಿಐಯನ್ನು ಹೊಸ ಕಾರ್ಡಿನ ಜೊತೆ ಕೂರಿಸಿದರೆ 580 ಸರಣಿಯ ಡ್ರೈವರಿನಲ್ಲೇ ನಿಲ್ಲಬೇಕಾಗುತ್ತದೆ. ಸಹಾಯಕ ಕಾರ್ಡ್ ಹುಡುಕುವವರು ಜಿಟಿಎಕ್ಸ್ 1650 ಅಥವಾ ಅದಕ್ಕಿಂತ ಹೊಸದನ್ನೇ ನೋಡುವುದು ಮೇಲು.

ಸೆಕೆಂಡ್ ಹ್ಯಾಂಡ್ ಮಾಲು

2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ನಾಣ್ಯದ ಗಣಿಗಾರಿಕೆ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವಲ್ಲ, ಆದರೆ ಫ್ಯಾನು, ಥರ್ಮಲ್ ಪೇಸ್ಟ್ ಸವೆದಿರುತ್ತವೆ. ಅಂಗಡಿಯಲ್ಲೇ ಕಾರ್ಡನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಫರ್‌ಮಾರ್ಕ್ ತಂತ್ರಾಂಶ ಹಚ್ಚಿ 15 ನಿಮಿಷ ಓಡಿಸಲು ಹೇಳಿ. ಚಿತ್ರದಲ್ಲಿ ಚುಕ್ಕೆ, ಗೆರೆ ಕಂಡರೆ ಬೇಡ ಎಂದು ಎದ್ದು ಬನ್ನಿ. ಹಳೆಯ ಕಾರ್ಡಿನ ಒಳಗಿನ ಬಯೋಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ತೋರಿಸುವ ನಕಲಿಗಳೂ ಇವೆ. ಅಂಥವನ್ನು ಜಿಪಿಯು-ಝಡ್ ನಕಲಿ ಎಂದೇ ಗುರುತಿಸುತ್ತದೆ. ಆರ್‌ಎಕ್ಸ್ 580 ಎಂದು ಹೇಳಿ 2048 ಕೋರಿನ ಕಡಿಮೆ ಶಕ್ತಿಯ ಕಾರ್ಡ್ ಕೊಡುವುದುಂಟು. ನಿಜವಾದ 580ಯಲ್ಲಿ 2304 ಕೋರ್ ಇರುತ್ತವೆ. ಸೀರಿಯಲ್ ನಂಬರಿನ ಚೀಟಿ ಹರಿದಿರಬಾರದು, ಬಿಲ್ಲು ಕೇಳಿ ಪಡೆಯಿರಿ.

ರಿಪೇರಿಗೆಂದು ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಕ್ಯಾಬಿನೆಟ್ಟನ್ನು ಬಸ್ಸಿನಲ್ಲಿ ಒಯ್ಯುವುದಾದರೆ ಎರಡೂ ಕಾರ್ಡುಗಳನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತದೆ, ಬೇರೆಯಾಗಿ ಅವು ಬಂದ ಡಬ್ಬಿಯಲ್ಲೇ ಇಟ್ಟುಕೊಂಡು ಹೋಗಿ. ರಸ್ತೆಯ ಕುಲುಕಾಟಕ್ಕೆ ಭಾರದ ಕಾರ್ಡು ಜೋತುಬಿದ್ದು ಸ್ಲಾಟನ್ನೇ ಮುರಿದ ಉದಾಹರಣೆಗಳಿವೆ. ಹಾಗೆಯೇ ಕೊಳ್ಳಲು ಹೋಗುವಾಗ ನಿಮ್ಮ ಮದರ್‌ಬೋರ್ಡಿನ ಹೆಸರು, ಎಸ್‌ಎಂಪಿಎಸ್ ಮೇಲಿನ ಚೀಟಿಯ ಫೋಟೊ, ಎರಡು ಸ್ಲಾಟುಗಳ ನಡುವಿನ ಅಳತೆ ಮೊಬೈಲಿನಲ್ಲಿರಲಿ. ಈ ಮೂರೂ ಕೈಯಲ್ಲಿಲ್ಲದಿದ್ದರೆ ಅಂದು ದುಡ್ಡು ಕೊಡಬೇಡಿ.